ವಿಯೆಟ್ನಾಂ ಲೇಖನವನ್ನು ಹಿಂದಿರುಗಿಸುತ್ತಾ

ಪ್ರಿಯರೇ,

ನಿಮ್ಮ ‘ಅನ್ಯಾಯದ ಯುದ್ಧಕ್ಕೆ ಹೂವೇಕೆ?’ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ವಿಯೆಟ್ನಾಂ ಯುದ್ಧ ಅನ್ಯಾಯದ್ದು, ಆದ್ದರಿಂದ ಅಲ್ಲಿ ಸತ್ತ ಅಮೆರಿಕನ್ ಸೈನಿಕರಿಗೆ ಸ್ಮಾರಕ ಕಟ್ಟಿದ್ದೂ ತಪ್ಪು ಎನ್ನುತ್ತೀರಿ. ಮೊದಲನೆಯದಕ್ಕೆ ನನ್ನ ತಕರಾರಿಲ್ಲ. ಎರಡನೆಯದನ್ನು ಘೋಷಿಸಿದ್ದೀರಿ, ಅಷ್ಟೇ.

ಕಳಿಂಗ, ಕುರುಕ್ಷೇತ್ರಗಳ ಮೊದಲೆರಡು ಪುಟ ತೆಗೆದುಹಾಕಿ. (ನಮಗೆ ಬರುವ ಯುದ್ಧದ ಲೇಖನಗಳಲ್ಲಿ ಅಶೋಕ ಪಶ್ಚಾತ್ತಾಪ ಪಡದಿರುವುದೇ ಅಪರೂಪ.)

ಮೂರನೇ ಪುಟದಲ್ಲಿ ‘ವಾಷಿಂಗ್ಟನ್ನಿನಲ್ಲಿ ಯುದ್ಧವನ್ನು ವೈಭವೀಕರಿಸುವ ಕಪ್ಪು ಗೋಡೆಯಿದೆ’ ಎಂದು ಒಂದೇ ವಾಕ್ಯ ಬರೆದು ಮುಂದೆ ಹೋಗಿದ್ದೀರಿ. ಲೇಖನ ಇದ್ದದ್ದೇ ಅಲ್ಲಿ! ಆ ಸ್ಮಾರಕಕ್ಕೆ ಬಂದ 1,421 ವಿನ್ಯಾಸಗಳಲ್ಲಿ ಆಯ್ಕೆಯಾದದ್ದು 21 ವರ್ಷದ ವಿದ್ಯಾರ್ಥಿನಿ ಮಾಯಾ ಲಿನ್ ಅವರದು. ಅದನ್ನು ಜೋರಾಗಿ ವಿರೋಧಿಸಿದವರಲ್ಲಿ ಮಾಜಿ ಸೈನಿಕರೂ ಇದ್ದರು. ವೀರರ ಪ್ರತಿಮೆಯಿಲ್ಲ, ನೆಲದೊಳಗೆ ಹುದುಗಿದೆ, ಬಣ್ಣ ಬೇರೆ ಕಪ್ಪು, ಇದು ಅವಮಾನ ಎಂದರು. 1982ರಲ್ಲಿ ಗೋಡೆ ಎದ್ದಿತು. ಅವರ ಸಮಾಧಾನಕ್ಕೆ 1984ರಲ್ಲಿ ಹತ್ತಿರದಲ್ಲೇ ಮೂವರು ಸೈನಿಕರ ಕಂಚಿನ ಪ್ರತಿಮೆ ಬಂತು. ಗೋಡೆಯ ಮೇಲೆ 58,000ಕ್ಕೂ ಹೆಚ್ಚು ಹೆಸರುಗಳಿವೆ. ದರ್ಜೆ ಇಲ್ಲ, ದುರಂತ ಸಂಭವಿಸಿದ ದಿನದ ಕ್ರಮವಷ್ಟೇ. ಧೈರ್ಯ, ತ್ಯಾಗಗಳನ್ನು ದೇಶ ಗೌರವಿಸುತ್ತದೆ ಎಂಬ ಬರಹವೂ ಇದೆ. ಯುದ್ಧ ಯಾಕಾಯಿತು ಎಂಬುದರ ಸೊಲ್ಲಿಲ್ಲ. ನಿಮ್ಮ ಸಿಟ್ಟಿಗೆ ಆಧಾರ ಬೇಕಿದ್ದರೆ ಈ ಮೌನವನ್ನು ಹಿಡಿಯಬಹುದಿತ್ತು.

ಆ ಗ್ರಾನೈಟ್ ಹೋದದ್ದು ನಮ್ಮ ಬೆಂಗಳೂರಿನಿಂದ. ಕನ್ನಡದಲ್ಲಿ ಬರೆಯುವವರಿಗೆ ವೀರಗಲ್ಲು ನೆನಪಾಗಬೇಡವೇ? ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಯಾವ ಅರಸನ ದುರಾಸೆಗೆ ಕಾದಾಡಿ ಸತ್ತರೂ ಸ್ವರ್ಗ ಖಾತ್ರಿ. ವಾಷಿಂಗ್ಟನ್ನಿನ ಕಲ್ಲು ಸ್ವರ್ಗದ ಗೊಡವೆಗೆ ಹೋಗಿಲ್ಲ. ಎರಡನ್ನೂ ‘ವೈಭವೀಕರಣ’ ಎಂದು ಒಂದೇ ಏಟಿಗೆ ತಳ್ಳಿಹಾಕಿದರೆ ಹೇಗೆ?

ಇನ್ನು ಆ ಸೈನಿಕರನ್ನು ನೀವು ‘ಕೊಲೆಗಡುಕರು’ ಎಂದದ್ದು. 1969ರ ಡಿಸೆಂಬರಿನಲ್ಲಿ ಹುಟ್ಟಿದ ದಿನಾಂಕಗಳ ಲಾಟರಿ ಎತ್ತಿ, ಯಾವ ಹುಡುಗರನ್ನು ಮೊದಲು ಸೇನೆಗೆ ಕರೆಯಬೇಕೆಂದು ನಿರ್ಧರಿಸಿದರು. ಇದು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. 1968ರ ಮಾರ್ಚ್ 16ರಂದು ವಿಯೆಟ್ನಾಮಿನ ಹಳ್ಳಿ ಮೈ ಲಾಯ್‌ನಲ್ಲಿ ಹೆಂಗಸರು ಮಕ್ಕಳೆನ್ನದೆ ಕೊಂದವರು ಅಮೆರಿಕನ್ ಸೈನಿಕರು ನಿಜ. ಹೆಲಿಕಾಪ್ಟರ್ ಇಳಿಸಿ ಅವರಿಗೆ ಅಡ್ಡ ನಿಂತ ಹ್ಯೂ ಥಾಂಪ್ಸನ್ ಕೂಡ ಅಮೆರಿಕನ್ ಸೈನಿಕನೇ. ಅವನ ಜೊತೆಗಿದ್ದ ಗ್ಲೆನ್ ಆಂಡ್ರಿಯೋಟಾ ಹೆಣಗಳು ತುಂಬಿದ ಕಾಲುವೆಗಿಳಿದು ಜೀವವಿದ್ದ ಒಂದು ಮಗುವನ್ನು ಎತ್ತಿ ತಂದ. ಸುಮಾರು ಮೂರು ವಾರದ ನಂತರ ಅವನೂ ಯುದ್ಧದಲ್ಲಿ ಸತ್ತ. ಆ ಗೋಡೆಯ ಮೇಲೆ ಅವನ ಹೆಸರೂ ಇದೆ. ನಿಮ್ಮ ವಾದದಂತೆ ಅದನ್ನೂ ಅಳಿಸಬೇಕು.

ನನ್ನನ್ನು ಕೇಳಿದರೆ, ಸತ್ತವರ ಹೆಸರು ಕೆತ್ತುವುದು ಕಳಿಸಿದವರಿಗೆ ಕೊಟ್ಟ ಮಾಫಿಯಲ್ಲ. ನನ್ನ ತಕರಾರು ಬೇರೆ: ಆ ಯುದ್ಧದಲ್ಲಿ ಸತ್ತ ಲಕ್ಷಾಂತರ ವಿಯೆಟ್ನಾಮೀಯರಲ್ಲಿ ಒಬ್ಬರಿಗೂ ಅಲ್ಲಿ ಜಾಗವಿಲ್ಲ. ಮೈ ಲಾಯ್‌ನವರ ಹೆಸರು ಓದಲು ವಿಯೆಟ್ನಾಮಿನ ಸನ್ ಮೈ ಸ್ಮಾರಕಕ್ಕೇ ಹೋಗಬೇಕು. ಅಲ್ಲಿ 504 ಹೆಸರುಗಳಿವೆ. ಇದು ನಿಮ್ಮ ಕೊನೆಯ ಪುಟದ ಅಡಿಟಿಪ್ಪಣಿಯಲ್ಲಿ ಬಿದ್ದಿದೆ. ಮೇಲಕ್ಕೆ ತನ್ನಿ.

ಸ್ಮಾರಕ ಬೇಡ ಎನ್ನುವ ನಿಲುವು ಬದಲಿಸಬೇಕಿಲ್ಲ. ಆಂಡ್ರಿಯೋಟಾಗೆ ಉತ್ತರ ಕೊಟ್ಟು, ಮೂರು ಪುಟಕ್ಕೆ ಇಳಿಸಿ ಕಳಿಸಿ. ಓದುತ್ತೇನೆ.

– ಸಂಪಾದಕ