ಡರ್ಹಮ್ ಕೆಥೆಡ್ರಲ್‌ಗೆ ಎರಡೇ ಗಂಟೆ ಇದ್ದರೆ ಏನು ನೋಡಬೇಕು?

ಇಂಗ್ಲೆಂಡಿನ ಡರ್ಹಮ್‌ನಲ್ಲಿ ಎರಡೇ ಗಂಟೆ ಸಿಗುತ್ತದೆ, ಅಲ್ಲಿನ ಕೆಥೆಡ್ರಲ್‌ನಲ್ಲಿ (ಬಿಷಪ್ಪರ ಪ್ರಧಾನ ಚರ್ಚಿನಲ್ಲಿ) ತಪ್ಪದೆ ನೋಡಬೇಕಾದದ್ದು ಯಾವುದು ಎಂದು ಕೇಳಿದ್ದೀರಿ. ಮೊದಲು ಕಂಬ ನೋಡಿ, ಆಮೇಲೆ ತಲೆಯೆತ್ತಿ ಚಾವಣಿ ನೋಡಿ. ನನ್ನ ಮಟ್ಟಿಗೆ ಇಡೀ ಕಟ್ಟಡದ ಜೀವ ಇರುವುದು ಅಲ್ಲೇ.

ದುಂಡು ಕಂಬಗಳ ಎತ್ತರ 6.6 ಮೀಟರ್, ಸುತ್ತಳತೆಯೂ 6.6 ಮೀಟರ್! ಮೊದಲ ಸಲ ಹೋದಾಗ ಒಂದನ್ನು ತಬ್ಬಿ ನೋಡಿದ್ದೆ. ತೋಳಿಗೆ ಸಿಕ್ಕಿದ್ದು ಕಾಲುಭಾಗ. ಒಂದರ ಮೇಲೆ ಅಂಕುಡೊಂಕು ಗೆರೆ, ಇನ್ನೊಂದರ ಮೇಲೆ ವಜ್ರಾಕೃತಿ, ಮತ್ತೊಂದಕ್ಕೆ ಸುರುಳಿ. ಹತ್ತಿರ ಹೋಗಿ ಕಲ್ಲಿನ ಸಂದುಗಳನ್ನು ಗಮನಿಸಿ. ಕಂಬ ನಿಲ್ಲಿಸಿದ ಮೇಲೆ ಕೊರೆದ ಚಿತ್ತಾರವಲ್ಲ ಅದು. ಕಲ್ಲುಗಳನ್ನು ಮೊದಲೇ ಒಂದೇ ಅಳತೆಗೆ ಕಡೆದು, ವರಸೆಯ ಮೇಲೆ ವರಸೆ ಏರಿಸಿದಂತೆ ಗೆರೆ ಕೂಡಿಕೊಳ್ಳುವ ಹಾಗೆ ಲೆಕ್ಕ ಹಾಕಿದ್ದಾರೆ.

ಇನ್ನು ಚಾವಣಿ. ದಪ್ಪ ಗೋಡೆ, ಅರ್ಧವೃತ್ತದ ಕಮಾನು, ಇದು ಗೋಥಿಕ್‌ಗಿಂತ ಮೊದಲು ಯುರೋಪಿನಲ್ಲಿದ್ದ ರೊಮನೆಸ್ಕ್ ಕಟ್ಟಡ ಶೈಲಿಯ ಗುರುತು. ಅರ್ಧವೃತ್ತದ ಕಮಾನಿಗೆ ಒಂದು ಕಟ್ಟುಪಾಡಿದೆ: ಅಗಲ ಎಷ್ಟೋ ಅದರ ಅರ್ಧ ಎತ್ತರ, ಅಷ್ಟೇ. ಮೂಲೆಯಿಂದ ಮೂಲೆಗೆ ಹೋಗುವ ಕಮಾನು ಉದ್ದವಾದ್ದರಿಂದ ಹೆಚ್ಚು ಮೇಲೇಳುತ್ತದೆ, ಗೋಡೆಯಿಂದ ಗೋಡೆಗೆ ನೇರ ಹೋಗುವ ಅಡ್ಡ ಕಮಾನು ಕೆಳಗೇ ಉಳಿಯುತ್ತದೆ, ಎರಡರ ನೆತ್ತಿ ಸಮವಾಗುವುದಿಲ್ಲ. ಡರ್ಹಮ್‌ನ ಕಲ್ಲುಕುಟಿಗರು ಅಡ್ಡ ಕಮಾನಿನ ನೆತ್ತಿಯನ್ನು ಚೂಪು ಮಾಡಿ ಎತ್ತರಿಸಿದರು. ಕೆಳಗೆ ಕಲ್ಲಿನ ಪಕ್ಕೆಲುಬುಗಳ ಆಸರೆ ಕೊಟ್ಟರು. ಗೋಡೆಯನ್ನು ಹೊರಕ್ಕೆ ತಳ್ಳುವ ಭಾರ ತಡೆಯಲು ಪಕ್ಕದ ಮಾಡಿನೊಳಗೆ ಕಾಲುವೃತ್ತದ ಕಮಾನುಗಳನ್ನು ಅಡಗಿಸಿಟ್ಟರು. ಮುಂದೆ ಗೋಥಿಕ್ ಚರ್ಚುಗಳು ಮೆರೆದ ತಂತ್ರಗಳೆಲ್ಲ ಇಲ್ಲಿ ಆಗಲೇ ಇವೆ. ನನಗಂತೂ ಇದನ್ನು ಎಷ್ಟು ನೋಡಿದರೂ ತೃಪ್ತಿಯಿಲ್ಲ.

ಕೆಲಸ ಶುರುವಾದದ್ದು 1093ರಲ್ಲಿ, ನಾರ್ಮನ್ ಬಿಷಪ್ ವಿಲಿಯಂ ಆಫ್ ಸೇಂಟ್ ಕ್ಯಾಲೆ ಕಾಲದಲ್ಲಿ. 1133ರ ಹೊತ್ತಿಗೆ ಚಾವಣಿ ಮುಗಿದಿತ್ತು. ಬರೀ 40 ವರ್ಷ! ನಡುಗೋಪುರ ಮಾತ್ರ 15ನೆಯ ಶತಮಾನದ್ದು. ಹಳೆಯದಕ್ಕೆ 1429ರಲ್ಲಿ ಸಿಡಿಲು ಬಡಿದಿತ್ತು.

ಸಮಯ ಉಳಿದರೆ ಪೂಜಾವೇದಿಕೆಯ ಹಿಂದಕ್ಕೆ ಹೋಗಿ. ಇಷ್ಟೆಲ್ಲ ಕಟ್ಟಿದ್ದು 687ರಲ್ಲಿ ತೀರಿಕೊಂಡ ಸಂತ ಕತ್ಬರ್ಟ್‌ಗಾಗಿ. ಸಮುದ್ರದಾಚೆಯಿಂದ ದಾಳಿಯಿಡುತ್ತಿದ್ದ ವೈಕಿಂಗರಿಗೆ ಹೆದರಿ 875ರಲ್ಲಿ ಲಿಂಡಿಸ್‌ಫಾರ್ನ್ ದ್ವೀಪ ಬಿಟ್ಟ ಸನ್ಯಾಸಿಗಳು ಅವನ ಶವಪೆಟ್ಟಿಗೆಯನ್ನೂ ಹೊತ್ತು ಹೊರಟರು. ಅದು ಡರ್ಹಮ್ ತಲುಪಿದ್ದು 995ರಲ್ಲಿ. 16ನೆಯ ಶತಮಾನದಲ್ಲಿ, ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ಕಾಲದಲ್ಲಿ, ಸಮಾಧಿಯ ವೈಭವವನ್ನೆಲ್ಲ ಕಿತ್ತುಹಾಕಿದರು. ಈಗ ಅಲ್ಲಿರುವುದು ಹೆಸರು ಕೆತ್ತಿದ ಒಂದು ಸಾದಾ ಕಲ್ಲುಚಪ್ಪಡಿ.