ಅಂಗಳದ ಅಡಿಕೆ, ತಲೆದೆಸೆಯ ಕೋವಿ

ಪ್ರಶ್ನೆ: ಹೊಸನಗರ ತಾಲ್ಲೂಕಿನಲ್ಲಿ ನಮ್ಮದು ಒಂಟಿ ಮನೆ. ಕೊಯ್ಲಿನ ಕಾಲದಲ್ಲಿ ಬೇಯಿಸಿದ ಅಡಿಕೆ ಅಂಗಳದಲ್ಲಿ ಹರಡಿರುತ್ತದೆ, ಒಣಗಿದ ಮೂಟೆಗಳು ಗೋದಾಮಿನಲ್ಲಿರುತ್ತವೆ. ಅಕ್ಕಪಕ್ಕದಲ್ಲಿ ಅಡಿಕೆ ಕಳವಾದ ಮೇಲೆ ತಂದೆಯವರು ಪರವಾನಗಿಯ ಕೋವಿಯನ್ನು ತಲೆದೆಸೆಯಲ್ಲಿಟ್ಟುಕೊಂಡು ಮಲಗುತ್ತಿದ್ದಾರೆ. ಕಳ್ಳನಿಗೆ ಗುಂಡು ಹಾರಿಸಿ ಅವನು ಸತ್ತರೆ ಕಾನೂನು ನಮ್ಮ ಪರವಾಗಿರುತ್ತದೆಯೇ? ತೋಟದ ಬೇಲಿಗೆ ಕರೆಂಟ್ ಕೊಡಬಹುದೇ?
– ಹೆಸರು ಬೇಡವೆಂದ ಓದುಗರು

ಉತ್ತರ: ಅಡಿಕೆ ಉಳಿಸಿಕೊಳ್ಳುವುದಕ್ಕಷ್ಟೇ ಪ್ರಾಣ ತೆಗೆಯುವ ಹಕ್ಕು ಯಾರಿಗೂ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕನ್ನು ವಿವರಿಸುತ್ತವೆ. ಕೊಲೆ, ತೀವ್ರ ಗಾಯ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿ ಇವುಗಳ ಭಯ ನಿಜವಾಗಿ ಎದುರಿಗಿದ್ದಾಗ ಎದುರಾಳಿಯ ಸಾವಿಗೆ ಕಾರಣವಾಗುವಷ್ಟರ ಮಟ್ಟಿಗೂ ಹಕ್ಕು ವಿಸ್ತರಿಸುತ್ತದೆ. ಆಸ್ತಿಯ ವಿಷಯದಲ್ಲಿ 41ನೇ ಕಲಂ ಬಿಗಿಯಾಗಿದೆ: ಸುಲಿಗೆ, ಸೂರ್ಯಾಸ್ತದ ನಂತರ ಸೂರ್ಯೋದಯಕ್ಕೆ ಮುಂಚಿನ ಮನೆಗನ್ನ, ವಾಸದ ಮನೆಗೆ ಅಥವಾ ಸ್ವತ್ತು ಇಡುವ ಕಟ್ಟಡಕ್ಕೆ ಬೆಂಕಿ ಇಡುವುದು, ತಡೆಯದಿದ್ದರೆ ಸಾವು ಅಥವಾ ತೀವ್ರ ಗಾಯವಾದೀತೆಂಬ ಭಯ ಹುಟ್ಟಿಸುವ ಕಳವು ಅಥವಾ ಮನೆಯೊಳಗೆ ಅತಿಕ್ರಮ ಪ್ರವೇಶ, ಇಂಥವುಗಳಲ್ಲಿ ಮಾತ್ರ ಹಕ್ಕು ಸಾವಿನವರೆಗೆ ವಿಸ್ತರಿಸುತ್ತದೆ.

ಹೀಗಾಗಿ, ಬೀಗ ಒಡೆದು ರಾತ್ರಿ ಗೋದಾಮಿಗೆ ನುಗ್ಗಿದವನಿಗೂ ತೆರೆದ ಅಂಗಳದಿಂದ ಅಡಿಕೆ ಬಾಚಿಕೊಂಡವನಿಗೂ ಕಾನೂನಿನ ಕಣ್ಣಲ್ಲಿ ಬಹಳ ಅಂತರವಿದೆ. ಎರಡನೆಯವನನ್ನು ಹಿಡಿಯಬಹುದು, ತಡೆಯಬಹುದು, ಅಗತ್ಯವಿದ್ದರೆ ಹೊಡೆದೂ ತಡೆಯಬಹುದು. ಆದರೆ ಅವನು ಕತ್ತಿ ಎತ್ತಿ ಎರಗದ ಹೊರತು ಕೊಲ್ಲುವಂತಿಲ್ಲ. ಮೊದಲನೆಯವನ ಮೇಲೂ ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಈ ಹಕ್ಕೇ ಇಲ್ಲ ಎಂದು 37ನೇ ಕಲಂ ಹೇಳುತ್ತದೆ. ಘಟ್ಟದ ಒಂಟಿ ಮನೆಗೆ ಠಾಣೆಯಿಂದ ಜೀಪು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಎಂಬುದು ನಿಜ, ನ್ಯಾಯಾಲಯ ಅದನ್ನು ಪರಿಗಣಿಸುತ್ತದೆ ಕೂಡ. ಚಿನ್ನದ ತಕ್ಕಡಿಯಲ್ಲಿಟ್ಟು ಆ ಗಳಿಗೆಯ ಪೆಟ್ಟನ್ನು ತೂಗಬೇಕೆಂದು ಅದು ನಿರೀಕ್ಷಿಸುವುದಿಲ್ಲ.

ಪ್ರಕರಣಗಳು ಕೈತಪ್ಪುವುದು ಹೆಚ್ಚಾಗಿ ಆಮೇಲಿನ ಕ್ಷಣದಲ್ಲಿ. ಮೂಟೆ ಬಿಟ್ಟು ಓಡುತ್ತಿದ್ದವನ ಬೆನ್ನಿಗೆ ಗುಂಡು ತಗುಲಿದ್ದರೆ, ಭಯದಿಂದ ಹಾರಿಸಿದೆ ಎಂಬ ಮಾತನ್ನು ಮರಣೋತ್ತರ ಪರೀಕ್ಷೆಯ ವರದಿಯೇ ಅಲ್ಲಗಳೆಯುತ್ತದೆ. ಆತ್ಮರಕ್ಷಣೆಯೆಂದು ತೋರಿಸುವ ಹೊಣೆ ಆರೋಪಿಯದು. ಸಂಶಯಾತೀತವಾಗಿ ಸಾಬೀತುಪಡಿಸಬೇಕಿಲ್ಲ, ಆ ಸಂಭವವೇ ಹೆಚ್ಚೆಂದು ತೋರಿಸಿದರೆ ಸಾಕು. ಸದುದ್ದೇಶದಿಂದ ಹಕ್ಕನ್ನು ಬಳಸುತ್ತ ಮಿತಿ ಮೀರಿದ್ದರೆ ಕೊಲೆಗಿಂತ ಕಡಿಮೆ ಅಪರಾಧವಾಗುತ್ತದೆ, ಆದರೂ ಜೈಲು ತಪ್ಪುವುದು ಕಷ್ಟ. ಕೋವಿಯನ್ನು ಬೀಗದೊಳಗಿಟ್ಟು, ದೀಪ, ನಾಯಿ, ನೆರೆಯವರ ಫೋನು ಇವುಗಳ ಮೇಲೆ ಭರವಸೆಯಿಡುವಂತೆ ತಂದೆಯವರಿಗೆ ತಿಳಿಸಿರೆಂಬುದು ನನ್ನ ಸಲಹೆ.

ಬೇಲಿಗೆ ಮನೆಯ ಲೈನಿನಿಂದ ನೇರವಾಗಿ ಕರೆಂಟ್ ಕೊಡುವುದನ್ನಂತೂ ಯೋಚಿಸಲೇಬೇಡಿ. ಕತ್ತಲಲ್ಲಿ ಕಾಣದ ತಂತಿಗೆ ಕಳ್ಳನೂ ಒಂದೇ, ದನ ಹುಡುಕುತ್ತ ಬಂದ ಪಕ್ಕದ ಮನೆಯವರೂ ಒಂದೇ. ಯಾರೇ ಸತ್ತರೂ ತಂತಿ ಎಳೆದವರ ಮೇಲೆ ಪ್ರಕರಣ ದಾಖಲಾಗುತ್ತದೆ, ಎದುರಿಗೆ ಅಪಾಯವೇ ಇರದಿದ್ದಾಗ ಆತ್ಮರಕ್ಷಣೆಯ ವಾದವೂ ನಿಲ್ಲದು. ಕಾಡುಹಂದಿಗೆಂದು ಹಾಕಿದ್ದೆ ಎಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎದುರಾಗುತ್ತದೆ: ಅನುಮತಿಯಿಲ್ಲದೆ ವನ್ಯಪ್ರಾಣಿಯನ್ನು ಕೊಂದವರಿಗೆ ಅದರ 11ನೇ ಕಲಂ ವಿನಾಯಿತಿ ಕೊಡುವುದು ಮನುಷ್ಯರ ಪ್ರಾಣರಕ್ಷಣೆಗಾಗಿ, ಬೆಳೆಗಾಗಿ ಅಲ್ಲ. ಬೇಲಿ ಬೇಕೇ ಬೇಕೆಂದರೆ ಕ್ಷಣಮಾತ್ರ ಮಿಡಿದು ನಿಲ್ಲುವ ಸೋಲಾರ್ ಬೇಲಿಯನ್ನು ತಿಳಿದವರಿಂದ ಹಾಕಿಸಿ, ಎಚ್ಚರಿಕೆಯ ಫಲಕ ತೂಗುಹಾಕಿ.