ಕಿಟ್ ಲೆನ್ಸ್‌ನಲ್ಲೇ ಒಳ್ಳೆಯ ನಿಸರ್ಗ ಫೋಟೋ ತೆಗೆಯೋದು ಕಲಿಯಬಹುದಾ?

ಖಂಡಿತ ಕಲಿಯಬಹುದು. ಆಗುಂಬೆಯಲ್ಲಿ ತೆಗೆದ ಫೋಟೋಗಳೆಲ್ಲ ಸಪ್ಪೆಯಾಗಿವೆ, ಕಣ್ಣಿಗೆ ಕಂಡಿದ್ದು ಅದರಲ್ಲಿ ಇಲ್ಲವೇ ಇಲ್ಲ ಅಂತ ಬರೆದಿದ್ದೀರಿ. ಹೂವು, ಹುಳುಗಳ ಕ್ಲೋಸಪ್‌ಗೆ ಮ್ಯಾಕ್ರೋ ಲೆನ್ಸ್ ಕೊಳ್ಳಲೇಬೇಕಾ, ವರ್ಕ್‌ಶಾಪ್ ಸೇರಬೇಕಾ ಅಂತಲೂ ಕೇಳಿದ್ದೀರಿ. ನಾನು ತೀರ್ಥಹಳ್ಳಿ ಕಡೆಯವನು. ಮಳೆಗಾಲ ಶುರುವಾದರೆ ಕೊಡೆ, ಕ್ಯಾಮೆರಾ ಹಿಡಿದು ಹೊರಟುಬಿಡುತ್ತೇನೆ. ಕ್ಯಾಮೆರಾ ಜೊತೆಗೇ ಬಂದ ನಿಮ್ಮ 18-55 ಮಿ.ಮೀ. ಕಿಟ್ ಲೆನ್ಸ್ ಸದ್ಯಕ್ಕೆ ಧಾರಾಳ ಸಾಕು.

ಘಟ್ಟದ ಅಂಚಿಗೆ ಹೋದವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಲೆನ್ಸನ್ನು ತೀರಾ ಅಗಲದ ನೋಟಕ್ಕೆ, ಅಂದರೆ 18ಕ್ಕೆ ತಿರುಗಿಸಿ ಆಕಾಶ, ಕಣಿವೆ, ರಸ್ತೆ, ಕಂಬಿ ಎಲ್ಲವನ್ನೂ ಒಳಗೆ ತುಂಬುತ್ತಾರೆ. 18ರಲ್ಲಿ ದೂರದ ಗುಡ್ಡಗಳು ಸಣ್ಣಗಾಗಿಬಿಡುತ್ತವೆ. ಅಷ್ಟು ದೊಡ್ಡದಾಗಿ ಕಂಡ ಗುಡ್ಡ ಫೋಟೋದಲ್ಲಿ ದಿಬ್ಬದ ಹಾಗೆ ಕಾಣೋದು ಅದಕ್ಕೇ. ಕ್ಯಾಮೆರಾ ಎತ್ತುವ ಮೊದಲು ನಿಮ್ಮನ್ನು ಅಲ್ಲಿ ನಿಲ್ಲಿಸಿದ್ದು ಏನು ಅಂತ ಬಾಯಿಬಿಟ್ಟು ಒಂದು ವಾಕ್ಯ ಹೇಳಿಕೊಳ್ಳಿ. 'ಚೆನ್ನಾಗಿದೆ' ಅಂದರೆ ಸಾಲದು. 'ಮಂಜು ಒಂದೊಂದೇ ಗುಡ್ಡವನ್ನು ನುಂಗ್ತಾ ಇದೆ' ಅಂದಿರಿ ಅಂತಿಟ್ಟುಕೊಳ್ಳಿ. ಹಾಗಾದರೆ ಬೇಕಿರೋದು ಗುಡ್ಡ ಮತ್ತು ಮಂಜು ಮಾತ್ರ. 55ಕ್ಕೆ ಜೂಮ್ ಮಾಡಿ, ಒಂದರ ಹಿಂದೊಂದು ಮಸುಕಾಗುತ್ತಾ ಹೋಗುವ ಮೂರು ಸಾಲು ಬೆಟ್ಟ ಇಟ್ಟುಕೊಳ್ಳಿ. ಉಳಿದದ್ದನ್ನೆಲ್ಲ ಫ್ರೇಮಿನಿಂದ ಆಚೆ ಬಿಡಿ.

1927ರಲ್ಲಿ ಅಮೆರಿಕದ ಯೊಸೆಮಿಟಿ ಕಣಿವೆಯಲ್ಲಿ ಹೆಸರಾಂತ ನಿಸರ್ಗ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಮಾಡಿದ್ದೂ ಇದನ್ನೇ. ಹಾಫ್ ಡೋಮ್ ಅನ್ನುವ ಭಾರಿ ಬಂಡೆಯನ್ನು ಕಪ್ಪು-ಬಿಳುಪಿನಲ್ಲಿ, ಮೊದಲು ಲೆನ್ಸಿಗೆ ಹಳದಿ ಫಿಲ್ಟರ್ ಹಾಕಿ ತೆಗೆದರು. ಆದರೆ ಆ ಬಂಡೆಯ ಎದುರು ತಮಗೆ ಅನಿಸಿದ ಭವ್ಯತೆ ಅದರಲ್ಲಿ ಬರಲ್ಲ ಅಂತ ಅವರಿಗೆ ಹೊಳೆಯಿತು. ಫಿಲ್ಮಿನ ಬದಲು ಆಗ ಬಳಸುತ್ತಿದ್ದ ಗಾಜಿನ ಪ್ಲೇಟುಗಳಲ್ಲಿ ಕೊನೆಯದಕ್ಕೆ ಗಾಢ ಕೆಂಪು ಫಿಲ್ಟರ್ ಹಾಕಿದರು. ಆಕಾಶ ಹೆಚ್ಚುಕಡಿಮೆ ಕಪ್ಪಾಗಿ, ಬಂಡೆ ಎದ್ದು ನಿಂತಿತು. ಏನು ಹೇಳಬೇಕು ಅನ್ನೋದು ಗೊತ್ತಿದ್ದಿದ್ದರಿಂದಲೇ ಯಾವ ಫಿಲ್ಟರ್ ಅನ್ನೋದೂ ಗೊತ್ತಾಯಿತು.

ಮಂಜಿನಲ್ಲಿ ಕ್ಯಾಮೆರಾವನ್ನು ಪೂರ್ತಿ ನಂಬಬೇಡಿ. ಬೆಳಕು ಅಳೆಯುವ ಅದರ ಮೀಟರ್ ಎಲ್ಲವನ್ನೂ ನಡುಮಟ್ಟದ ಬೂದು ಮಾಡಲು ನೋಡುತ್ತದೆ, ಬಿಳಿ ಮಂಜು ಕೊಳಕಾಗಿ ಬರುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್, ಅಂದರೆ ಫೋಟೋವನ್ನು ಬೆಳಗಿಸುವ ಇಲ್ಲವೇ ಕಪ್ಪಾಗಿಸುವ ಸೆಟ್ಟಿಂಗ್, ಪ್ಲಸ್ 1ರ ಹತ್ತಿರ ಇಟ್ಟು ನೋಡಿ. ದಟ್ಟ ಕಾಡಿನೊಳಗೆ ಇದರ ತದ್ವಿರುದ್ಧ, ಮೈನಸ್‌ಗೆ ಇಳಿಸಬೇಕು. ಆ ಕತ್ತಲೆ ಕತ್ತಲೆಯಾಗಿಯೇ ಇದ್ದರೆ ಚೆಂದ ಅಲ್ವಾ? ರಾ ಫೈಲ್‌ನಲ್ಲೇ ತೆಗೆಯಿರಿ, ಅದು ಕ್ಯಾಮೆರಾ ಹಿಡಿದದ್ದನ್ನೆಲ್ಲ ಹಾಗೇ ಉಳಿಸುವ ಫೈಲ್.

ದುಡ್ಡು ಹಾಕೋದಾದರೆ ಮೊದಲು ಟ್ರೈಪಾಡ್, ಆಮೇಲೆ ಪೋಲರೈಸರ್, ಲೆನ್ಸ್ ಮುಂದೆ ಹಾಕಿ ತಿರುಗಿಸುವ ಫಿಲ್ಟರ್. ಮಳೆಯಲ್ಲಿ ನೆಂದ ಎಲೆಗಳ ಮೇಲೆ ಆಕಾಶ ಬೆಳ್ಳಗೆ ಹೊಳೆಯುತ್ತಿರುತ್ತದೆ. ಪೋಲರೈಸರ್ ನಿಧಾನಕ್ಕೆ ತಿರುಗಿಸಿದರೆ ಆ ಹೊಳಪು ಹೋಗಿ ಅಡಿಯಲ್ಲಿದ್ದ ಹಸಿರು ಹೊರಬರುತ್ತದೆ. ಎಡಿಟಿಂಗ್‌ನಲ್ಲಿ ಇದನ್ನು ಮಾಡಲು ಆಗಲ್ಲ. ಒಂದೂವರೆ, ಎರಡು ಸ್ಟಾಪ್ ಬೆಳಕನ್ನು ಅದು ತಿನ್ನುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ). ಶಟರ್ ಹೆಚ್ಚು ಹೊತ್ತು ತೆರೆದಿರಬೇಕಾಗುತ್ತದೆ, ಹಾಗಾಗಿ ಟ್ರೈಪಾಡ್ ಬೇಕೇ ಬೇಕು. ತೊರೆಗಳಿಗೆ ನನಗೆ ಹಿಡಿಸೋದು ಅರ್ಧ ಸೆಕೆಂಡಿನ ಶಟರ್. ಅದಕ್ಕಿಂತ ತುಂಬಾ ಜಾಸ್ತಿಯಾದರೆ ನೀರು ನೀರಿನ ಥರ ಇರಲ್ಲ.

ಇನ್ನು ಕ್ಲೋಸಪ್. ಮ್ಯಾಕ್ರೋ ಲೆನ್ಸ್ ಬದಲು ಎಕ್ಸ್‌ಟೆನ್ಷನ್ ಟ್ಯೂಬ್ ತಗೊಳ್ಳಿ. ಅದರಲ್ಲಿ ಗಾಜೇ ಇಲ್ಲ, ಲೆನ್ಸನ್ನು ಕ್ಯಾಮೆರಾದಿಂದ ಸ್ವಲ್ಪ ದೂರ ಇಡುವ ಟೊಳ್ಳು ಬಳೆ ಅಷ್ಟೇ. ಎಲೆಕ್ಟ್ರಿಕ್ ಕಾಂಟ್ಯಾಕ್ಟ್ ಇರುವುದನ್ನೇ ನೋಡಿ ತಗೊಳ್ಳಿ, ಇಲ್ಲದಿದ್ದರೆ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ನಿಮ್ಮ ಕೈಲಿ ಇರಲ್ಲ. 36 ಮಿ.ಮೀ. ಟ್ಯೂಬ್ ಹಾಕಿ 55ಕ್ಕೆ ತಿರುಗಿಸಿದರೆ ಸುಮಾರು ಒಂದು ರೂಪಾಯಿ ನಾಣ್ಯದಷ್ಟು ಅಗಲದ ಜಾಗ ಫ್ರೇಮ್ ತುಂಬುತ್ತದೆ.

ಕರಾವಳಿಯ ಮುರಕಲ್ಲಿನ ಬಯಲುಗಳಲ್ಲಿ ಮಳೆಗಾಲಕ್ಕೆ ಡ್ರಾಸೆರಾ ಇಂಡಿಕಾ ಅನ್ನುವ ಕೀಟಾಹಾರಿ ಗಿಡ ಏಳುತ್ತದೆ. ಬೆರಳುದ್ದದ ಗಿಡ, ದಾರದಂಥ ಎಲೆ. ಎಲೆಯ ತುಂಬಾ ಕೂದಲು, ಪ್ರತಿ ಕೂದಲ ತುದಿಯಲ್ಲೂ ಒಂದು ಅಂಟು ಹನಿ. ಸಣ್ಣ ನೊಣವೊಂದು ಅದಕ್ಕೆ ಸಿಕ್ಕಿಕೊಂಡಿರುತ್ತದೆ. ನಿಂತು ನೋಡಿದರೆ ಹುಲ್ಲಿನ ನಡುವೆ ಏನೋ ಕೆಂಪಗೆ ಕಂಡೀತು ಅಷ್ಟೇ. ಹೊಟ್ಟೆ ಮೇಲೆ ಮಲಗಿ, ಲೆನ್ಸನ್ನು ನೆಲಮಟ್ಟಕ್ಕೆ ತನ್ನಿ. ಬೆಳಗಿನ ಬಿಸಿಲು ಗಿಡದ ಹಿಂದಿನಿಂದ ಬರುವ ಹಾಗೆ ಜಾಗ ಬದಲಿಸಿ. ಹನಿ ಹನಿಯೂ ಹೊತ್ತಿಕೊಳ್ಳುತ್ತದೆ. ಆಮೇಲೆ ಗಿಡವನ್ನು ಬಿಟ್ಟು ಅದರ ಹಿಂದೆ ಏನಿದೆ ನೋಡಿ. ಬಿಳಿ ಹುಲ್ಲುಕಡ್ಡಿ ಅಡ್ಡ ಬಂದಿದ್ದರೆ ಎರಡು ಬೆರಳಿನಷ್ಟು ಪಕ್ಕಕ್ಕೆ ಸರಿಯಿರಿ, ಕಲ್ಲಿನ ನೆರಳು ಹಿಂದೆ ಬರುತ್ತದೆ. ನನ್ನ ಪ್ರಕಾರ ಕ್ಲೋಸಪ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಹಿನ್ನೆಲೆಯದ್ದೇ.

ಇಷ್ಟು ಹತ್ತಿರದಲ್ಲಿ ಅಪರ್ಚರನ್ನು ಎಫ್ 11ರಷ್ಟು ಕಿರಿದಾಗಿ ಇಟ್ಟರೂ ಫೋಕಸ್ ಸಿಗೋದು ಒಂದು ಮಿ.ಮೀ. ಆಸುಪಾಸು. ಇನ್ನೂ ಕಿರಿದಾಗಿಸಿ ಎಫ್ 22ಕ್ಕೆ ಹೋದರೆ ಇಡೀ ಚಿತ್ರವೇ ಮೊನಚು ಕಳೆದುಕೊಂಡು ಮೆದುವಾಗುತ್ತದೆ. ಆಟೋಫೋಕಸ್ ಆಫ್ ಮಾಡಿ, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ ಕ್ಲಿಕ್ಕಿಸಿ. ಗಾಳಿ ನಿಲ್ಲುವ ತನಕ ಕಾಯಿರಿ, ನಿಂತೇ ನಿಲ್ಲುತ್ತದೆ.

ಕಪ್ಪೆಯನ್ನು ಹಿಡಿದು ಚೆಂದದ ಎಲೆ ಮೇಲೆ ಕೂರಿಸೋದು, ಹುಳುವನ್ನು ಫ್ರಿಜ್‌ನಲ್ಲಿಟ್ಟು ಮಂಕು ಮಾಡೋದು, ಇವನ್ನು ಯಾರೇ ಹೇಳಿಕೊಟ್ಟರೂ ಮಾಡಬೇಡಿ. ಸೋಮೇಶ್ವರ ಅಭಯಾರಣ್ಯ, ಕುದುರೆಮುಖದ ಕಾಡಿನೊಳಗೆ ಕಾಲಿಡುವ ಮೊದಲು ಅರಣ್ಯ ಇಲಾಖೆಯ ಅನುಮತಿ ತಗೊಳ್ಳಿ. ಮನೆಗೆ ಬಂದ ಮೇಲೆ ಲೆನ್ಸ್ ಒರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಮಲೆನಾಡಿನ ತೇವಕ್ಕೆ ಲೆನ್ಸ್ ಒಳಗೆ ಫಂಗಸ್ ಬರೋಕೆ ಹೆಚ್ಚು ದಿನ ಬೇಡ.

ನೀವು ಬೆಂಗಳೂರಿನಲ್ಲಿ ಇರೋದರಿಂದ ಪ್ರತಿ ಸಲ ಘಟ್ಟಕ್ಕೇ ಬರಬೇಕಿಲ್ಲ. ಲಾಲ್‌ಬಾಗ್‌ನಲ್ಲಿ ಒಂದೇ ಮರ ಆರಿಸಿಕೊಂಡು ಬಿಸಿಲು, ಮೋಡ, ಮಳೆ ಮೂರರಲ್ಲೂ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ವರ್ಕ್‌ಶಾಪ್ ಸೇರೋದಾದರೆ ಒಂದೇ ಪ್ರಶ್ನೆ ಕೇಳಿ, ಸಂಜೆ ಕೂತು ನನ್ನ ಫೋಟೋ ನೋಡಿ ತಪ್ಪು ಹೇಳ್ತೀರಾ ಅಂತ. ಹೌದು ಅಂದರೆ ಸೇರಿ. ಸುಮ್ನೆ ಜಾಗ ತೋರಿಸಿಕೊಂಡು ಬರುವವರಿಗೆ ಕೊಡುವ ದುಡ್ಡಿನಲ್ಲಿ ಆ ಟ್ರೈಪಾಡ್ ಬರುತ್ತದೆ.